ಏರಿನಲ್ಲಿ ಏದುಸಿರು: ಸಣ್ಣ ಗೂಡ್ಸ್ ಗಾಡಿಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಶಕ್ತಿ ಹೇಗೆ?



ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋದವರಿಗೆ ಒಂದು ನೋಟ ಚಿರಪರಿಚಿತ. ಗೂಡು ತುಂಬಿದ ಚೀಲಗಳನ್ನು ಹೊತ್ತ ಸಣ್ಣ ಗೂಡ್ಸ್ ಗಾಡಿಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಕನಕಪುರದ ಕಡೆಯ ಕಲ್ಲು ಮತ್ತು ತರಕಾರಿ, ಮಾಗಡಿಯ ಅವರೆಕಾಯಿ, ಬೇಸಿಗೆಯಲ್ಲಿ ಈ ಸೀಮೆಯ ಮಾವಿನಹಣ್ಣು ಎಲ್ಲವೂ ಪ್ರಯಾಣ ಮಾಡುವುದು ಇಂಥ ಗಾಡಿಗಳಲ್ಲೇ. ನಿಮ್ಮಲ್ಲಿ ಹಲವರ ತಂದೆಯೋ, ಅಣ್ಣನೋ, ಚಿಕ್ಕಪ್ಪನೋ ಇಂಥ ಗಾಡಿಯನ್ನು ಓಡಿಸುತ್ತಿರಬಹುದು. ಮನೆಯ ಊಟ, ನಿಮ್ಮ ಶಾಲೆಯ ಫೀಸು ಅದರ ಬಾಡಿಗೆಯಿಂದಲೇ ಬರುತ್ತಿರಬಹುದು.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳಿ. ಸಾಲ ಮಾಡಿ ಹಳೆಯ ಗಾಡಿಯೊಂದನ್ನು ಕೊಂಡ ಯುವಕ ಗ್ಯಾರೇಜಿಗೆ ಬರುತ್ತಾನೆ.

“ಅಣ್ಣಾ, ಗಾಡೀಲಿ ಪಿಕಪ್ಪೇ ಇಲ್ಲ. ಏರು ಬಂದ್ರೆ ಸಾಕು, ಉಸಿರು ಬಿಡ್ತದೆ. ಏನಾದ್ರೂ ಮಾಡಿ.”

“ಅಷ್ಟೇ ತಾನೆ? ಪಂಪು ಏರಿಸಿಕೊಡ್ತೀನಿ ಬಿಡು ತಮ್ಮಾ. ಕುದುರೆ ಹಂಗೆ ಓಡ್ತದೆ.”

ಯುವಕನ ಜೇಬಿನಲ್ಲಿರುವುದು ಈ ತಿಂಗಳ ಸಾಲದ ಕಂತಿನ ಹಣ. ಅದನ್ನು ಪಂಪಿಗೆ ಹಾಕಬೇಕೇ? ಹಾಕಿದರೆ ಗಾಡಿ ನಿಜವಾಗಿ ಚೆನ್ನಾಗಿ ಎಳೆಯುತ್ತದೆಯೇ? ಅಥವಾ ಆರು ತಿಂಗಳಲ್ಲಿ ಇಂಜಿನ್ನೇ ಕೈಕೊಡುತ್ತದೆಯೇ? ಈ ಪ್ರಶ್ನೆಗೆ ಉತ್ತರ ಕೊಡಲು ನೀವು ಶಾಲೆಯಲ್ಲಿ ಓದಿದ ಭೌತಶಾಸ್ತ್ರವೇ ಸಾಕು. ಹೇಗೆಂದು ನೋಡೋಣ.

ಶಕ್ತಿಯೂ ತಿರುಚುಬಲವೂ

ಮೊದಲು ಎರಡು ಮಾತುಗಳ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ಸ್ಪ್ಯಾನರಿನಿಂದ ನಟ್ಟನ್ನು ತಿರುಗಿಸುವಾಗ ನಾವು ಹಾಕುವ ಬಲವನ್ನು ಸ್ಪ್ಯಾನರಿನ ಉದ್ದದಿಂದ ಗುಣಿಸಿದರೆ ಬರುವುದು ತಿರುಚುಬಲ, ಅಂದರೆ ಟಾರ್ಕ್. ಇದರ ಮಾನ ನ್ಯೂಟನ್-ಮೀಟರ್. ಒಂದು ಸೆಕೆಂಡಿಗೆ ಎಷ್ಟು ಕೆಲಸವಾಗುತ್ತದೆ ಎಂಬುದು ಶಕ್ತಿ, ಅಂದರೆ ಪವರ್. ಇದರ ಮಾನ ವ್ಯಾಟ್. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವ್ಯಾಟ್ ತನ್ನ ಯಂತ್ರವನ್ನು ಕುದುರೆಗಳೊಂದಿಗೆ ಹೋಲಿಸಿ ಹೇಳಿದ್ದರಿಂದ ಅಶ್ವಶಕ್ತಿ ಎಂಬ ಮಾನ ಬಳಕೆಗೆ ಬಂತು. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ನಮ್ಮ ಹಳ್ಳಿಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಜೋಡಿ ಎತ್ತು ಬಹಳ ಹೊತ್ತು ಎಳೆಯುವಾಗ ಕೊಡುವ ಶಕ್ತಿ ಸುಮಾರಾಗಿ ಇಷ್ಟೇ.

ಇಂಜಿನ್ನಿನ ಶಕ್ತಿ ಎರಡು ಸಂಗತಿಗಳ ಗುಣಲಬ್ಧ: ತಿರುಚುಬಲ ಮತ್ತು ತಿರುಗುವ ವೇಗ. ಹೆಚ್ಚು ಬಲವಾಗಿ ತಿರುಗಿದರೂ ಶಕ್ತಿ ಹೆಚ್ಚುತ್ತದೆ, ಹೆಚ್ಚು ವೇಗವಾಗಿ ತಿರುಗಿದರೂ ಹೆಚ್ಚುತ್ತದೆ. ಈ ಮಾತನ್ನು ನೆನಪಿಡಿ, ಗೇರಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಏರಿನ ಲೆಕ್ಕ

ಉದಾಹರಣೆಗೆ 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಗಾಡಿಯನ್ನು ತೆಗೆದುಕೊಳ್ಳೋಣ. ನಮ್ಮ ತಾಲ್ಲೂಕುಗಳ ಯಾವ ಸಂತೆಗೆ ಹೋದರೂ ಇದು ಕಣ್ಣಿಗೆ ಬೀಳುತ್ತದೆ. ಇದರ ಮೊದಲ ಮಾದರಿಯಲ್ಲಿ ಇದ್ದದ್ದು ಎರಡು ಸಿಲಿಂಡರಿನ, 702 ಘನ ಸೆಂಟಿಮೀಟರಿನ ಡೀಸೆಲ್ ಇಂಜಿನ್. ಶಕ್ತಿ 16 ಅಶ್ವಶಕ್ತಿ, ಅದೂ ನಿಮಿಷಕ್ಕೆ 3,200 ಸುತ್ತು ತಿರುಗುವಾಗ. ಸರಕು ಸೇರಿ ಗಾಡಿಯ ಒಟ್ಟು ತೂಕ 1,550 ಕಿಲೋ ಮೀರಬಾರದು.

ಈ ಗಾಡಿ ಇಪ್ಪತ್ತು ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೇರುವಂಥ ರಸ್ತೆಯಲ್ಲಿ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನೋಣ. ತೂಕ 1,550ನ್ನು ಗುರುತ್ವ 9.8ರಿಂದ ಗುಣಿಸಿದರೆ ಸುಮಾರು 15,190 ನ್ಯೂಟನ್. ಅದರ ಇಪ್ಪತ್ತನೆಯ ಒಂದು ಭಾಗ, ಅಂದರೆ ಸುಮಾರು 760 ನ್ಯೂಟನ್, ಏರಿಗೆ ವಿರುದ್ಧವಾಗಿ ಗಾಡಿಯನ್ನು ಹಿಂದಕ್ಕೆ ಎಳೆಯುತ್ತದೆ. ಟೈರುಗಳು ಉರುಳುವಾಗ ಉಂಟಾಗುವ ತಡೆ ತೂಕದ ಶೇಕಡಾ 1.5 ಎಂದಿಟ್ಟುಕೊಂಡರೆ ಇನ್ನೂ ಸುಮಾರು 228 ನ್ಯೂಟನ್. ಎರಡೂ ಸೇರಿ ಸುಮಾರು 990. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ 8.33 ಮೀಟರು. ಬಲವನ್ನು ವೇಗದಿಂದ ಗುಣಿಸಿದರೆ ಸುಮಾರು 8.2 ಕಿಲೋವ್ಯಾಟ್, ಅಂದರೆ 11 ಅಶ್ವಶಕ್ತಿ. ಗೇರುಪೆಟ್ಟಿಗೆಯಲ್ಲೂ ಹಿಂದಿನ ಆಕ್ಸಲ್ಲಿನಲ್ಲೂ ಆಗುವ ನಷ್ಟವನ್ನು ಸೇರಿಸಿದರೆ ಇಂಜಿನ್ ಕೊಡಬೇಕಾದದ್ದು ಸುಮಾರು 12.5. ಇಂಜಿನ್ನಿನ ಹತ್ತಿರ 16 ಇದೆ. ಗಾಡಿ ಏರುತ್ತದೆ.

ಈಗ ಅದೇ ಗಾಡಿಗೆ 500 ಕಿಲೋ ಹೆಚ್ಚು ಹೇರಿ. “ಇನ್ನೊಂದು ಹತ್ತು ಚೀಲ ತಾನೆ, ಹಾಕಿ ಅಣ್ಣಾ” ಎನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ಒಟ್ಟು ತೂಕ 2,050 ಕಿಲೋ ಆಯಿತು. ಮೇಲಿನ ಲೆಕ್ಕವನ್ನೇ ಮತ್ತೆ ಮಾಡಿದರೆ ಬೇಕಾದ ಶಕ್ತಿ 16.6 ಅಶ್ವಶಕ್ತಿ. ಇಂಜಿನ್ನಿನ ಹತ್ತಿರ ಇರುವುದೇ 16. ಗಾಡಿ ಉಸಿರು ಬಿಡುತ್ತದೆ, ಚಾಲಕ ಗೇರು ಇಳಿಸುತ್ತಾನೆ, ವೇಗ ಕುಸಿಯುತ್ತದೆ.

ಇಲ್ಲಿ ಕೆಟ್ಟಿರುವುದು ಇಂಜಿನ್ನೇ? ಅಲ್ಲ. ಇಂಜಿನ್ ತನ್ನ ಕೆಲಸ ಮಾಡುತ್ತಲೇ ಇದೆ. ಆದ್ದರಿಂದ ಶಕ್ತಿ ಕಡಿಮೆ ಎಂಬ ದೂರು ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಎಷ್ಟು ತೂಕ ಹೇರುತ್ತಿದ್ದೀರಿ? ತೂಕದ ಸೇತುವೆಯಲ್ಲಿ ಒಮ್ಮೆ ಗಾಡಿ ತೂಗಿಸಲು ತಗಲುವ ಹಣ ಅಲ್ಪ. ಅದು ಕೊಡುವ ತಿಳಿವಳಿಕೆ ದೊಡ್ಡದು.

ಸೋರಿಹೋಗುವ ಶಕ್ತಿ

ಹೇರಿದ ತೂಕ ಸರಿಯಾಗಿದ್ದೂ ಗಾಡಿ ಎಳೆಯುತ್ತಿಲ್ಲವಾದರೆ, ಹೊಸ ಶಕ್ತಿಯನ್ನು ಹುಡುಕುವ ಮೊದಲು ಇರುವ ಶಕ್ತಿ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಸುರಿದರೇನು?

ಚಕ್ರದಿಂದ ಆರಂಭಿಸೋಣ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅದು ಉರುಳುವಾಗ ಹೆಚ್ಚು ಬಾಗುತ್ತದೆ, ಬಿಸಿಯಾಗುತ್ತದೆ. ಆ ಬಿಸಿಯೆಲ್ಲ ಇಂಜಿನ್ ಕೊಟ್ಟ ಶಕ್ತಿಯೇ. ನಮ್ಮ 1,550 ಕಿಲೋ ಗಾಡಿಯಲ್ಲಿ ಉರುಳುತಡೆ ಶೇಕಡಾ 1.5ರಿಂದ 2ಕ್ಕೆ ಏರಿತೆನ್ನಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸುಮಾರು 1.4 ಅಶ್ವಶಕ್ತಿ ನಷ್ಟ. ಹದಿನಾರರಲ್ಲಿ ಒಂದೂವರೆಯ ಹತ್ತಿರ ಹೋಯಿತೆಂದರೆ ಸಣ್ಣ ಮಾತಲ್ಲ. ಇದನ್ನು ಮರಳಿ ಪಡೆಯಲು ಬೇಕಾದದ್ದು ಪಂಕ್ಚರ್ ಅಂಗಡಿಯ ಗಾಳಿ ಮಾತ್ರ. ಎಷ್ಟು ಗಾಳಿ ಬೇಕೆಂಬುದನ್ನು ಗಾಡಿಯ ಕೈಪಿಡಿಯಲ್ಲಿ, ಅನೇಕ ವೇಳೆ ಬಾಗಿಲ ಬಳಿಯ ಚೀಟಿಯಲ್ಲಿ ಬರೆದಿರುತ್ತಾರೆ. ಟೈರು ತಣ್ಣಗಿರುವಾಗ ಅಳೆಯಬೇಕು.

ಮುಂದಿನದು ಬ್ರೇಕು. ಬ್ರೇಕ್ ಷೂ ಡ್ರಮ್ಮಿಗೆ ಅಂಟಿಕೊಂಡು ಉಜ್ಜುತ್ತಿದ್ದರೆ, ಚಾಲಕನು ಒಂದು ಕಾಲಿನಲ್ಲಿ ಆಕ್ಸಿಲರೇಟರನ್ನೂ ಇನ್ನೊಂದರಲ್ಲಿ ಬ್ರೇಕನ್ನೂ ಒತ್ತಿ ಓಡಿಸಿದಂತೆಯೇ. ಪತ್ತೆ ಮಾಡುವುದು ಸುಲಭ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕು ಚಕ್ರಗಳ ಬಳಿ ಅಂಗೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಹೆಚ್ಚು ಬಿಸಿ ಉಗುಳುತ್ತಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ, ಇಲ್ಲವೇ ಬೇರಿಂಗು ಕೆಟ್ಟಿದೆ. ಡ್ರಮ್ಮನ್ನು ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ.

ಮೂರನೆಯದು ಕ್ಲಚ್ಚು. ಏರಿನಲ್ಲಿ ಇಂಜಿನ್ ಶಬ್ದ ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಪ್ಲೇಟು ಜಾರುತ್ತಿದೆ. ಇಂಥ ಗಾಡಿಗೆ ಇಂಜಿನ್ ಶಕ್ತಿ ಹೆಚ್ಚಿಸಿದರೆ ಕ್ಲಚ್ಚು ಇನ್ನೂ ಬೇಗ ಸವೆದುಹೋಗುತ್ತದೆಯೇ ಹೊರತು ಚಕ್ರಕ್ಕೆ ಏನೂ ತಲುಪುವುದಿಲ್ಲ.

ಇಂಜಿನ್ನಿನ ಉಸಿರು

ಇಂಜಿನ್ ಡೀಸೆಲ್ಲಿನಿಂದ ಓಡುತ್ತದೆ ಎನ್ನುತ್ತೇವೆ. ನಿಜ ಹೇಳಬೇಕೆಂದರೆ ಅದು ಡೀಸೆಲ್ಲಿಗಿಂತ ಎಷ್ಟೋ ಹೆಚ್ಚು ಗಾಳಿಯನ್ನು ನುಂಗುತ್ತದೆ. ಒಂದು ಕಿಲೋ ಡೀಸೆಲ್ ಪೂರ್ತಿಯಾಗಿ ಉರಿಯಲು ಕನಿಷ್ಠ 14.5 ಕಿಲೋ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರು ಡೀಸೆಲ್ಲಿಗೆ ಸುಮಾರು ಹತ್ತು ಸಾವಿರ ಲೀಟರು ಗಾಳಿ. ಆದ್ದರಿಂದ ಇಂಜಿನ್ನಿನ ಶಕ್ತಿಗೆ ಗಡಿ ಹಾಕುವುದು ಟ್ಯಾಂಕಿನಲ್ಲಿರುವ ಡೀಸೆಲ್ ಅಲ್ಲ, ಸಿಲಿಂಡರಿನೊಳಗೆ ಸೇರಬಲ್ಲ ಗಾಳಿ.

ಇದಕ್ಕೆ ನಮ್ಮ ಊರಿನ ಎತ್ತರವೂ ಸ್ವಲ್ಪ ಕಾರಣ. ಮಾಗಡಿ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ಶೇಕಡಾ 8ರಷ್ಟು ತೆಳು. ಟರ್ಬೊ ಇಲ್ಲದ ಇಂಜಿನ್ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬೂಕಿ 1905ರಲ್ಲಿ ಪೇಟೆಂಟ್ ಪಡೆದ ಟರ್ಬೊಚಾರ್ಜರು ಈ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಸಣ್ಣ ಚಕ್ರವನ್ನು ತಿರುಗಿಸಿ, ಆ ಚಕ್ರದಿಂದ ಇಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಉಪಾಯ ಅದು. ಈಚಿನ ಪಿಕಪ್ ಗಾಡಿಗಳಲ್ಲಿ ಇದು ಸಾಮಾನ್ಯ.

ಎತ್ತರವನ್ನು ನಾವು ಬದಲಿಸಲಾರೆವು. ಏರ್ ಫಿಲ್ಟರನ್ನು ಬದಲಿಸಬಹುದು. ಕಲ್ಲುಗಣಿಯ ದಾರಿಯಲ್ಲಿ, ಡಾಂಬರು ಕಾಣದ ಹಳ್ಳಿಯ ದಾರಿಯಲ್ಲಿ ಓಡುವ ಗಾಡಿಯ ಫಿಲ್ಟರು ಬಹುಬೇಗ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೆಟ್ಟ ಹತ್ತಿದ ಹಾಗೆ ಇಂಜಿನ್ ಏದುಸಿರು ಬಿಡುತ್ತದೆ. ಕೈಪಿಡಿಯಲ್ಲಿ ಹೇಳಿದ ಅವಧಿ ಒಳ್ಳೆಯ ರಸ್ತೆಗೆ. ಧೂಳಿನ ದಾರಿಯ ಗಾಡಿಗೆ ಅದಕ್ಕಿಂತ ಮೊದಲೇ ಫಿಲ್ಟರು ಬದಲಿಸಬೇಕು. ಫಿಲ್ಟರನ್ನೇ ತೆಗೆದುಬಿಟ್ಟರೆ ಗಾಳಿ ಚೆನ್ನಾಗಿ ಹೋಗುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಹೋಗುತ್ತದೆ, ಜೊತೆಗೆ ಧೂಳೂ ಹೋಗುತ್ತದೆ. ಗ್ರಾನೈಟಿನ ಧೂಳು ಉಕ್ಕನ್ನೂ ಗೀರಬಲ್ಲಷ್ಟು ಗಡಸು. ಪಿಸ್ಟನ್ ರಿಂಗು, ಲೈನರು ಸವೆದು ಇಂಜಿನ್ ಕಟ್ಟಿಸುವ ದಿನ ಬೇಗ ಬರುತ್ತದೆ.

ಟರ್ಬೊ ಇರುವ ಗಾಡಿಯಲ್ಲಿ ರಬ್ಬರ್ ಹೋಸುಗಳನ್ನೂ ಪರೀಕ್ಷಿಸಬೇಕು. ಒಂದು ಸಣ್ಣ ಸೀಳು, ಸಡಿಲವಾದ ಒಂದು ಕ್ಲಿಪ್ಪು ಇದ್ದರೆ ಟರ್ಬೊ ಒತ್ತಿದ ಗಾಳಿ ದಾರಿಯಲ್ಲೇ ಸೋರಿಹೋಗುತ್ತದೆ. ಏರಿನಲ್ಲಿ ಬುಸ್ ಎಂಬ ಸದ್ದು ಕೇಳಿಸಿದರೆ ಮೊದಲು ಇಲ್ಲಿ ನೋಡಿ.

ರೇಷ್ಮೆ ಎಳೆಗಿಂತ ಸಣ್ಣ ಸಂದು

ಗಾಳಿಯ ನಂತರ ಇಂಧನ. ಡೀಸೆಲ್ ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಅದು ಕಾದು ಕೆಂಡದಂತಾಗುತ್ತದೆ. ಆ ಕಾವಿಗೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಇಂಜಿನ್ನಿನ ಗುಟ್ಟು ಇದೇ.

ಸಿಂಪಡಿಸುವ ಕೆಲಸ ಇಂಜೆಕ್ಟರಿನದು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ದಶಕಗಳ ಕಾಲ ಇಂಥ ಪಂಪುಗಳನ್ನು ತಯಾರಿಸಿ ದೇಶಕ್ಕೆಲ್ಲ ಹೆಸರಾಯಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಈಗ ನಮ್ಮ ರಾಮನಗರ ತಾಲ್ಲೂಕಿನ ಬಿಡದಿಯಲ್ಲೂ ಅದರ ಕಾರ್ಖಾನೆ ಇದೆ. ಇಂಥ ಪಂಪಿನೊಳಗೆ ಚಲಿಸುವ ಭಾಗಕ್ಕೂ ಅದರ ಗೂಡಿಗೂ ನಡುವಿನ ಸಂದು ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಕೆಲವು ಭಾಗ. ನಮ್ಮ ರೇಷ್ಮೆಗೂಡಿನಿಂದ ಬಿಚ್ಚುವ ಎಳೆಯ ದಪ್ಪ ಸುಮಾರು 20 ಮೈಕ್ರಾನ್. ರೇಷ್ಮೆ ಎಳೆಯೂ ತೂರಲಾರದ ಸಂದಿನಲ್ಲಿ ಒಂದು ಕಣ ಮಣ್ಣು ಸಿಕ್ಕಿಕೊಂಡರೆ ಏನಾಗುತ್ತದೆಂದು ಯೋಚಿಸಿ.

ಆದ್ದರಿಂದ ಡೀಸೆಲ್ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸುವುದು ಖರ್ಚಲ್ಲ, ಉಳಿತಾಯ. ಕಟ್ಟಿಕೊಂಡ ಫಿಲ್ಟರಿನ ಲಕ್ಷಣ ಸ್ಪಷ್ಟ: ಸಮತಟ್ಟಿನಲ್ಲಿ ಗಾಡಿ ಚೆನ್ನಾಗಿಯೇ ಓಡುತ್ತದೆ, ಏರಿನಲ್ಲಿ ಹೆಚ್ಚು ಡೀಸೆಲ್ ಬೇಕಾದಾಗ ಮಾತ್ರ ಸೊರಗುತ್ತದೆ. ಫಿಲ್ಟರಿನ ತಳದಲ್ಲಿ ನೀರು ಶೇಖರವಾಗಿದ್ದರೆ ತಿರುಪು ಸಡಿಲಿಸಿ ಹೊರಬಿಡಬೇಕು. ಅಗ್ಗವೆಂದು ಸೀಮೆಎಣ್ಣೆ ಬೆರೆತ ಡೀಸೆಲ್ ಹಾಕಿಸಬಾರದು. ಪಂಪಿನ ಒಳಭಾಗಗಳಿಗೆ ಡೀಸೆಲ್ಲೇ ಜಿಡ್ಡು. ಸೀಮೆಎಣ್ಣೆಯಲ್ಲಿ ಆ ಗುಣ ಕಡಿಮೆ.

ಹೊಗೆ ಹೇಳುವ ಕಥೆ

ವೈದ್ಯರು ನಾಲಿಗೆ ನೋಡುವಂತೆ ಒಳ್ಳೆಯ ಮೆಕ್ಯಾನಿಕ್ಕು ಸೈಲೆನ್ಸರಿನ ಹೊಗೆ ನೋಡುತ್ತಾನೆ. ಹಳೆಯ ಗಾಡಿಗಳಲ್ಲಿ ಇದು ತುಂಬ ಉಪಯುಕ್ತ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರು ಕಟ್ಟಿರಬಹುದು, ಇಂಜೆಕ್ಟರು ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು, ಇಲ್ಲವೇ ತೂಕ ಹೆಚ್ಚಾಗಿರಬಹುದು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ರಿಂಗು ಸವೆದಿರಬಹುದು. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ, ಇಲ್ಲವೇ ರೇಡಿಯೇಟರಿನ ನೀರು ಸಿಲಿಂಡರಿಗೆ ಸೇರುತ್ತಿದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿಯುವ ಸೋಸುಕ ಇರುವುದರಿಂದ ಹೊಗೆ ಕಣ್ಣಿಗೆ ಕಾಣುವುದೇ ಅಪರೂಪ. ಅಲ್ಲಿ ಕಂಪ್ಯೂಟರನ್ನು ಜೋಡಿಸಿ ದೋಷದ ಸಂಕೇತವನ್ನು ಓದಬೇಕು. ಎಚ್ಚರಿಕೆಯ ದೀಪ ಹೊತ್ತಿಕೊಂಡ ಮೇಲೂ ಓಡಿಸುತ್ತಲೇ ಇದ್ದರೆ ಅನೇಕ ವೇಳೆ ಇಂಜಿನ್ ತಾನೇ ಶಕ್ತಿಯನ್ನು ತಗ್ಗಿಸಿಕೊಳ್ಳುತ್ತದೆ.

ವಾಲ್ವುಗಳ ಟ್ಯಾಪೆಟ್ ಸಂದನ್ನು ಕೈಪಿಡಿಯ ಅಳತೆಗೆ ಸರಿಪಡಿಸುವುದು ಹಳೆಯ ಇಂಜಿನ್ನುಗಳಿಗೆ ಇನ್ನೊಂದು ಅಗ್ಗದ ಚಿಕಿತ್ಸೆ. ವಾಲ್ವು ಪೂರ್ತಿ ತೆರೆಯದಿದ್ದರೆ ಗಾಳಿ ಸಾಲದು. ಪೂರ್ತಿ ಮುಚ್ಚದಿದ್ದರೆ ಒತ್ತಡ ನಿಲ್ಲದು.

ಹಣ ಬೇಡದ ಶಕ್ತಿ: ಗೇರು

ಶಕ್ತಿ ಎಂದರೆ ತಿರುಚುಬಲ ಮತ್ತು ವೇಗದ ಗುಣಲಬ್ಧ ಎಂದು ಆಗಲೇ ಹೇಳಿದೆವು. ನಮ್ಮ ಉದಾಹರಣೆಯ ಸಣ್ಣ ಇಂಜಿನ್ನಿನ ತಿರುಚುಬಲ ಸುಮಾರು 38 ನ್ಯೂಟನ್-ಮೀಟರ್. ಮೇಲಿನ ಗೇರಿನಲ್ಲೇ ಏರು ಹತ್ತಲು ಹೋಗಿ ಇಂಜಿನ್ ನಿಮಿಷಕ್ಕೆ 1,600 ಸುತ್ತಿಗೆ ಇಳಿಯಿತೆನ್ನಿ. ಆಗ ಅದು ಕೊಡಬಲ್ಲ ಶಕ್ತಿ ಸುಮಾರು 8.5 ಅಶ್ವಶಕ್ತಿ ಮಾತ್ರ. ಗೇರು ಇಳಿಸಿ ಸುತ್ತನ್ನು 2,600ರ ಹತ್ತಿರಕ್ಕೆ ತಂದರೆ ಅದೇ ಇಂಜಿನ್ 13ರ ಆಸುಪಾಸಿನಲ್ಲಿ ಕೊಡುತ್ತದೆ. ಒಂದು ಪೈಸೆ ಖರ್ಚಿಲ್ಲದೆ ಶಕ್ತಿ ಒಂದೂವರೆ ಪಟ್ಟಾಯಿತು! ಏರು ಎದುರಾದಾಗ ಇಂಜಿನ್ ನಡುಗುವ ತನಕ ಕಾಯದೆ ಮೊದಲೇ ಗೇರು ಇಳಿಸುವ ಚಾಲಕನಿಗೆ ಈ ಲೆಕ್ಕ ಅನುಭವದಿಂದ ಗೊತ್ತಿರುತ್ತದೆ.

ಅಂದಕ್ಕೆಂದು ದೊಡ್ಡ ಟೈರು ಹಾಕಿಸುವವರು ಇದಕ್ಕೆ ತದ್ವಿರುದ್ಧ ಕೆಲಸ ಮಾಡುತ್ತಾರೆ. ಟೈರಿನ ವ್ಯಾಸ ಶೇಕಡಾ 10ರಷ್ಟು ಹೆಚ್ಚಿದರೆ ರಸ್ತೆಯ ಮೇಲಿನ ಎಳೆತ ಸುಮಾರು ಶೇಕಡಾ 9ರಷ್ಟು ಕುಗ್ಗುತ್ತದೆ. ಜೊತೆಗೆ ಸ್ಪೀಡೋಮೀಟರು ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಪಂಪು ಏರಿಸಿದರೆ ಏನಾಗುತ್ತದೆ?

ಈಗ ನಮ್ಮ ಯುವಕನ ಪ್ರಶ್ನೆಗೆ ಬರೋಣ. ಪಂಪು ಏರಿಸುವುದೆಂದರೆ ಪ್ರತಿ ಸಲವೂ ಸಿಲಿಂಡರಿಗೆ ಹೋಗುವ ಡೀಸೆಲ್ಲಿನ ಪ್ರಮಾಣವನ್ನು ಹೆಚ್ಚಿಸುವುದು. ಕಂಪ್ಯೂಟರ್ ಇರುವ ಗಾಡಿಗಳಲ್ಲಿ ಇದೇ ಕೆಲಸವನ್ನು ಚಿಪ್ಪು ಹಾಕಿ ಅಥವಾ ಒಳಗಿನ ಲೆಕ್ಕವನ್ನು ತಿದ್ದಿ ಮಾಡುತ್ತಾರೆ. ಸ್ವಲ್ಪ ಶಕ್ತಿ ಹೆಚ್ಚುವುದು ನಿಜ. ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಗಾಳಿ ಹೆಚ್ಚದೆ ಡೀಸೆಲ್ ಮಾತ್ರ ಹೆಚ್ಚಿದರೆ ಅದರ ಒಂದು ಭಾಗ ಉರಿಯದೆ ಮಸಿಯಾಗಿ ಹೊರಹೋಗುತ್ತದೆ. ನೀವು ಹಣ ಕೊಟ್ಟು ಕೊಂಡ ಡೀಸೆಲ್ಲೇ ಆ ಕಪ್ಪು ಹೊಗೆ. ಸಿಲಿಂಡರಿನ ಕಾವು ಮಿತಿ ಮೀರಿ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಟರ್ಬೊ ಇವೆಲ್ಲ ಬಳಲುತ್ತವೆ. ಕ್ಲಚ್ಚು, ಗೇರುಪೆಟ್ಟಿಗೆ, ಆಕ್ಸಲ್ಲು ಮೊದಲಿನ ಬಲಕ್ಕೆ ಲೆಕ್ಕ ಹಾಕಿ ಮಾಡಿದಂಥವು.

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಇಂಜಿನ್ನಿನ ಶಕ್ತಿ ಹೆಚ್ಚಿದ ಮಾತ್ರಕ್ಕೆ ಬ್ರೇಕಿನ ಶಕ್ತಿ ಹೆಚ್ಚುವುದಿಲ್ಲ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ನೀವು ಓದಿದ್ದೀರಿ. ಗಂಟೆಗೆ 50 ಕಿಲೋಮೀಟರಿನ ಬದಲು 60ರಲ್ಲಿ ಹೋದರೆ ಚಲನಶಕ್ತಿ ಶೇಕಡಾ 44ರಷ್ಟು ಹೆಚ್ಚು. ತೂಕ 1,550ರಿಂದ 2,050 ಕಿಲೋಗೆ ಏರಿದರೆ ಇನ್ನೂ ಶೇಕಡಾ 32ರಷ್ಟು ಹೆಚ್ಚು. ಎರಡೂ ಸೇರಿದರೆ ಅದೇ ಸಣ್ಣ ಬ್ರೇಕು ಸುಮಾರು ಎರಡು ಪಟ್ಟು ಶಕ್ತಿಯನ್ನು ನುಂಗಿ ಬಿಸಿಯಾಗಿ ಮಾರ್ಪಡಿಸಬೇಕು. ಏರು ಹತ್ತಿದ ಗಾಡಿ ಇಳಿಯಲೂ ಬೇಕಲ್ಲ! ಇಳಿಜಾರಿನ ಕೊನೆಯಲ್ಲಿ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿರಬಹುದು.

ಕಾನೂನನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮನಬಂದಂತೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯು ಇಂಥ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ಹೇಳುತ್ತದೆ. ಮಿತಿಮೀರಿ ಸರಕು ಹೇರಿದರೆ ಅದೇ ಕಾಯ್ದೆಯಲ್ಲಿ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲೂ ಇಂಥ ಬದಲಾವಣೆ ಎಡೆಮಾಡಿಕೊಡುತ್ತದೆ.

ಅಳೆದು ನೋಡಿ, ಆಮೇಲೆ ನಂಬಿ

ಗಾಡಿ ರಿಪೇರಿ ಮಾಡಿಸಿದ ದಿನ ಎಲ್ಲರಿಗೂ ಅದು ಚೆನ್ನಾಗಿ ಎಳೆಯುತ್ತಿದೆ ಎಂದೇ ಅನಿಸುತ್ತದೆ. ಖರ್ಚು ಮಾಡಿದ ಮನಸ್ಸು ಹಾಗೆ ಹೇಳಿಸುತ್ತದೆ. ವಿಜ್ಞಾನದ ದಾರಿ ಬೇರೆ. ವಾಹನ ಸಂಚಾರವಿಲ್ಲದ ಒಂದು ಸಮತಟ್ಟು ರಸ್ತೆ ಆರಿಸಿಕೊಳ್ಳಿ. ಗಾಡಿಯನ್ನು ದೊಡ್ಡವರು ಓಡಿಸಲಿ, ನೀವು ಪಕ್ಕದಲ್ಲಿ ಬೆಲ್ಟು ಹಾಕಿ ಕುಳಿತು ಗಡಿಯಾರ ಹಿಡಿಯಿರಿ. ಒಂದೇ ಗೇರಿನಲ್ಲಿ ಗಂಟೆಗೆ 20 ಕಿಲೋಮೀಟರಿನಿಂದ 40ಕ್ಕೆ ಏರಲು ಎಷ್ಟು ಸೆಕೆಂಡು ಬೇಕು ಎಂದು ಬರೆದುಕೊಳ್ಳಿ.

1,550 ಕಿಲೋ ಗಾಡಿಯಲ್ಲಿ ಈ ವೇಗ ಬದಲಾವಣೆಗೆ ಬೇಕಾದ ಚಲನಶಕ್ತಿ ಸುಮಾರು 71,700 ಜೂಲ್. 12 ಸೆಕೆಂಡು ಹಿಡಿದರೆ ಸುಮಾರು 6 ಕಿಲೋವ್ಯಾಟ್, ಅಂದರೆ 8 ಅಶ್ವಶಕ್ತಿ ವೇಗ ಏರಿಸಲು ಉಳಿದಿತ್ತು. ಫಿಲ್ಟರು ಬದಲಿಸಿ ಟೈರಿಗೆ ಗಾಳಿ ತುಂಬಿಸಿದ ಮೇಲೆ 10 ಸೆಕೆಂಡಿಗೆ ಇಳಿದರೆ 9.6 ಅಶ್ವಶಕ್ತಿ. ಈಗ ಅದು ಬರೀ ಅನಿಸಿಕೆಯಲ್ಲ, ಅಳತೆ. ಅದೇ ರಸ್ತೆ, ಅದೇ ತೂಕ, ಅದೇ ಗೇರು ಇರಬೇಕು. ರಸ್ತೆಯ ಎರಡೂ ದಿಕ್ಕಿನಲ್ಲಿ ಮೂರು ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಆಗ ಯಾವುದರಿಂದ ಎಷ್ಟು ಪ್ರಯೋಜನವಾಯಿತೆಂದು ತಿಳಿಯುತ್ತದೆ.

ಕಂತಿನ ಹಣ ಉಳಿಯಿತೇ?

ಹಾಗಾದರೆ ಜೇಬಿನಲ್ಲಿ ಕಂತಿನ ಹಣ ಇಟ್ಟುಕೊಂಡ ಯುವಕ ಏನು ಮಾಡಬೇಕು? ಅಗ್ಗದಿಂದ ದುಬಾರಿಯ ಕಡೆಗೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಮೊದಲು ತೂಕ, ಟೈರಿನ ಗಾಳಿ, ಗೇರು ಬಳಸುವ ಕ್ರಮ. ಇವಕ್ಕೆ ಖರ್ಚೇ ಇಲ್ಲವೆನ್ನಬಹುದು. ಬಳಿಕ ಏರ್ ಫಿಲ್ಟರು, ಡೀಸೆಲ್ ಫಿಲ್ಟರು, ಸರಿಯಾದ ದರ್ಜೆಯ ಇಂಜಿನ್ ಆಯಿಲ್, ಬ್ರೇಕು ಮತ್ತು ಟ್ಯಾಪೆಟ್ ಸರಿಪಡಿಸುವಿಕೆ. ಅದರಿಂದಲೂ ಆಗದಿದ್ದರೆ ಇಂಜೆಕ್ಟರುಗಳನ್ನು ಬಿಚ್ಚಿಸಿ, ಪರೀಕ್ಷಿಸುವ ಯಂತ್ರವಿರುವ ಕಡೆ ಕೊಟ್ಟು ಮೂಲ ಅಳತೆಗೆ ತರಿಸಬೇಕು. ಕ್ಲಚ್ಚು ಜಾರುತ್ತಿದ್ದರೆ ಬದಲಿಸಬೇಕು. ಸಿಲಿಂಡರಿನ ಒತ್ತಡ ಪರೀಕ್ಷೆ ಮಾಡಿಸಿ, ಅದು ಕುಸಿದಿದ್ದರೆ ಮಾತ್ರ ಇಂಜಿನ್ ಕಟ್ಟಿಸುವ ಯೋಚನೆ. ಇಷ್ಟೆಲ್ಲ ಸರಿಯಿದ್ದೂ ಗಾಡಿ ಎಳೆಯದಿದ್ದರೆ ಆ ಕೆಲಸಕ್ಕೆ ಆ ಗಾಡಿ ಚಿಕ್ಕದು ಎಂದೇ ಅರ್ಥ. ಆಗ ಎರಡು ಟ್ರಿಪ್ ಹೊಡೆಯಬೇಕು, ಇಲ್ಲವೇ 70ರ ಆಸುಪಾಸಿನ ಅಶ್ವಶಕ್ತಿಯ ಪಿಕಪ್ಪಿನ ಕಡೆಗೆ ಮುಂದೊಂದು ದಿನ ಯೋಚಿಸಬೇಕು. ಚಿಕ್ಕ ಇಂಜಿನ್ನನ್ನು ಹಿಂಡಿ ದೊಡ್ಡದು ಮಾಡಲಾಗದು.

ರೇಷ್ಮೆಗೂಡಿನೊಳಗಿನ ಹುಳು ಜೀವಂತವಾಗಿರುತ್ತದೆ, ಉಸಿರಾಡುತ್ತದೆ, ರಾಶಿ ಬಿಸಿಯಾದರೆ ಗೂಡು ಕೆಡುತ್ತದೆ. ದಾರಿಯಲ್ಲಿ ಇಂಜಿನ್ ಕೆಟ್ಟು ಬಿಸಿಲಿನಲ್ಲಿ ನಿಂತ ಗಾಡಿಯಿಂದ ನಷ್ಟವಾಗುವುದು ಗಾಡಿಯವನಿಗೆ ಮಾತ್ರವಲ್ಲ, ವಾರಗಟ್ಟಲೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳು ಸಾಕಿದ ಮನೆಯವರಿಗೂ. ಆದ್ದರಿಂದ ಇಂಥ ಗಾಡಿಗೆ ಬೇಕಾದದ್ದು ಒಂದು ದಿನದ ಕುದುರೆಯ ಓಟವಲ್ಲ, ದಿನವೂ ತಪ್ಪದ ಎತ್ತಿನ ನಡಿಗೆ.

ಇಂದು ಸಂಜೆ ನಿಮ್ಮ ಮನೆಯ ಅಥವಾ ನೆರೆಯವರ ಗಾಡಿಯ ಬಳಿ ಹೋಗಿ. ಗಾಡಿಯ ಮೇಲೆ ಬರೆದಿರುವ ಒಟ್ಟು ತೂಕದ ಮಿತಿಯನ್ನು ಓದಿ. ಟೈರಿಗೆ ಎಷ್ಟು ಗಾಳಿ ಬೇಕು, ಎಷ್ಟಿದೆ ಎಂದು ವಿಚಾರಿಸಿ. ನಿಮ್ಮ ಊರಿನ ಏರಿಗೆ ಮೇಲಿನ ಲೆಕ್ಕವನ್ನು ನೀವೇ ಮಾಡಿ, ಓಡಿಸುವವರಿಗೆ ತೋರಿಸಿ. ಪುಸ್ತಕದ ಭೌತಶಾಸ್ತ್ರ ಮನೆಯ ಕೆಲಸಕ್ಕೂ ಬಂತೆಂದು ಅವರಿಗೂ ಸಂತೋಷವಾದೀತು.